ಸಾಕೆಟ್ ಆಯ್ಕೆಗಳು: ಆಜ್ಞೆ ಮತ್ತು ಪಾಲನೆ

ತುಮಕೂರಿನ ತಾಲ್ಲೂಕು ಕಚೇರಿಯಿಂದ ಬೆಳ್ಳಾವಿ ಹೋಬಳಿಗೆ ಹುಕುಂ ಹೊರಟಿತೆಂದ ಮಾತ್ರಕ್ಕೆ ಅದು ಅಕ್ಷರಶಃ ನಡೆಯಿತೆಂದು ಇತಿಹಾಸದ ವಿದ್ಯಾರ್ಥಿ ಒಪ್ಪುವುದಿಲ್ಲ. ಹೋಬಳಿಯಿಂದ ಮರಳಿದ ವರದಿಯನ್ನೂ ನೋಡಬಯಸುತ್ತಾನೆ. ಸಿ ಭಾಷೆಯಲ್ಲಿ ಗಣಕಜಾಲದ ಪ್ರೋಗ್ರಾಮುಗಳನ್ನು ಬರೆಯುವವರಿಗೂ ಇದೇ ವಿವೇಕ ಅವಶ್ಯಕ.

ಜಾಲದ ಮೂಲಕ ವ್ಯವಹರಿಸುವ ಪ್ರೋಗ್ರಾಮಿನ ಸಂಪರ್ಕದ ತುದಿಗೆ ಸಾಕೆಟ್ ಎಂದು ಹೆಸರು. ಅದರ ವರ್ತನೆಯನ್ನು ಗೊತ್ತುಪಡಿಸಲು ‘ಸೆಟ್‌ಸಾಕ್‌ಆಪ್ಟ್’, ಓದಿ ತಿಳಿಯಲು ‘ಗೆಟ್‌ಸಾಕ್‌ಆಪ್ಟ್’ ಎಂಬ ಎರಡು ಕರೆಗಳುಂಟು. ಇವು 1983ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವು ಬರ್ಕ್ಲಿಯಿಂದ ಹೊರತಂದ 4.2 ಬಿಎಸ್‌ಡಿ ಎಂಬ ಯೂನಿಕ್ಸ್ ಆವೃತ್ತಿಯಲ್ಲಿ ಮೊದಲು ಕಾಣಿಸಿಕೊಂಡವು. ಎರಡಕ್ಕೂ ಐದು ಅಂಶಗಳನ್ನು ಒದಗಿಸಬೇಕು: ಸಾಕೆಟ್‌ನ ಸಂಖ್ಯೆ, ಆಯ್ಕೆಯ ಸ್ತರ, ಆಯ್ಕೆಯ ಹೆಸರು, ಬೆಲೆಯಿರುವ ಸ್ಥಳದ ವಿಳಾಸ, ಬೆಲೆಯ ಉದ್ದ. ಓದುವ ಕರೆಯಲ್ಲಿ ಮಾತ್ರ ಉದ್ದಕ್ಕೂ ವಿಳಾಸವನ್ನೇ ಕೊಡಬೇಕು. ಏಕೆಂದರೆ ನಿಜವಾದ ಉದ್ದವನ್ನು ವ್ಯವಸ್ಥೆಯ ತಿರುಳಾದ ಕರ್ನೆಲ್ ಅಲ್ಲಿ ಬರೆಯುತ್ತದೆ. ಸಫಲವಾದರೆ 0, ವಿಫಲವಾದರೆ -1 ಹಿಂದಿರುಗುತ್ತದೆ.

ಆದರೆ ಸೊನ್ನೆ ಬಂದುದೇ ಪಾಲನೆಗೆ ಪ್ರಮಾಣವಲ್ಲ. ಬಂದ ದತ್ತಾಂಶ ತಂಗುವ ಬಫರಿಗೆಂದು ಲಿನಕ್ಸ್‌ನಲ್ಲಿ 65,536 ಬೈಟುಗಳನ್ನು ಕೇಳಿ ಅನಂತರ ಓದಿದರೆ, ಸಾಮಾನ್ಯವಾಗಿ 1,31,072 ಎಂಬ ಉತ್ತರ ಬರುತ್ತದೆ. ತನ್ನ ಲೆಕ್ಕಪತ್ರದ ವೆಚ್ಚಕ್ಕಾಗಿ ಕರ್ನೆಲ್ ಅದನ್ನು ಇಮ್ಮಡಿಸಿರುತ್ತದೆ. ವ್ಯವಸ್ಥೆಯ ಮಿತಿಯನ್ನು ಮೀರಿ ಕೇಳಿದರೆ, ದೋಷವನ್ನು ಸೂಚಿಸದೆಯೇ ಕೋರಿಕೆಯನ್ನು ಆ ಮಿತಿಗೆ ಇಳಿಸುತ್ತದೆ. ಆಗಲೂ ಹಿಂದಿರುಗುವುದು ಸೊನ್ನೆಯೇ.

ಬಫರು ಸಾಲದಾದಾಗ ಯುಡಿಪಿ ಕ್ರಮದಲ್ಲಿ ಬಂದ ಪೊಟ್ಟಣಗಳು ಸದ್ದಿಲ್ಲದೆ ನಷ್ಟವಾಗುತ್ತವೆ. ಬರೆದವನಾದರೋ ಕೇಳಿದಷ್ಟು ಸ್ಥಳ ದೊರೆತಿದೆಯೆಂದೇ ನಂಬಿರುತ್ತಾನೆ. ಆದುದರಿಂದ ಮುಖ್ಯವಾದ ಆಯ್ಕೆಯನ್ನು ಗೊತ್ತುಪಡಿಸಿದೊಡನೆ ಅದನ್ನು ಮರಳಿ ಓದಿ ನೋಡುವುದು ಯುಕ್ತ.