ಹೊಳೆಯ ದಂಡೆಯಿಂದ ಶ್ರೀರಂಗಪಟ್ಟಣವನ್ನು ನೋಡಿ



ಮೈಸೂರಿನ ದಟ್ಟಗಳ್ಳಿಯಿಂದ ಶ್ರೀರಂಗಪಟ್ಟಣಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು. ನಗರ ಬಸ್ಸಿನಲ್ಲಿ ಪೇಟೆಗೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹಿಡಿದರೆ ಬೆಳಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು. ನಿಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ಈ ಊರನ್ನು ನೋಡಿಯೇ ಇರುತ್ತೀರಿ. ಆದರೆ ಅದನ್ನು ಒಂದು ರಣರಂಗವಾಗಿ ನೋಡಿದ್ದೀರಾ?

1799ರ ಮೇ 4ರಂದು ಈ ಕೋಟೆ ಬ್ರಿಟಿಷರ ವಶವಾಯಿತು. ಟಿಪ್ಪು ಸುಲ್ತಾನ್ ಅಂದೇ ಹೋರಾಡುತ್ತ ಮಡಿದನು. ಕೋಟೆ ಏಕೆ ಬಿತ್ತು ಎಂದು ಕೇಳಿದರೆ, ಮೀರ್ ಸಾದಿಕನ ದ್ರೋಹದಿಂದ ಎಂಬ ಉತ್ತರ ಥಟ್ಟನೆ ಬರುತ್ತದೆ. ಅದೊಂದೇ ಉತ್ತರವಾಗಲಾರದು. ಇನ್ನೊಂದು ಉತ್ತರ ನಿಮ್ಮ ಕಣ್ಣೆದುರಿಗೇ ಹರಿಯುತ್ತಿದೆ. ಅದು ಕಾವೇರಿ.

ನದಿಯೇ ಕಂದಕ

ಶ್ರೀರಂಗಪಟ್ಟಣದ ಬಳಿ ಕಾವೇರಿ ಎರಡು ಕವಲಾಗಿ ಒಡೆದು, ನಡುವೆ ದ್ವೀಪವೊಂದನ್ನು ಬಿಟ್ಟು, ಪೂರ್ವದಲ್ಲಿ ಸಂಗಮದ ಬಳಿ ಮತ್ತೆ ಕೂಡುತ್ತದೆ. ದ್ವೀಪದ ಪಶ್ಚಿಮ ತುದಿಯಲ್ಲಿ ಕೋಟೆಯಿದೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಯಾವ ಸೈನ್ಯವೂ ಸುಲಭವಾಗಿ ದಾಟುವಂತಿರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳು ಮೇಲೆದ್ದಾಗ ಈ ರಕ್ಷಣೆ ಸಡಿಲವಾಗುತ್ತಿತ್ತು.

ಇದರ ಪಾಠ ಬ್ರಿಟಿಷರಿಗೆ ಮೊದಲೇ ಆಗಿತ್ತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಯುದ್ಧ ಗೆದ್ದನು. ಆದರೂ ಕೋಟೆಗೆ ಮುತ್ತಿಗೆ ಹಾಕಲಾಗಲಿಲ್ಲ. ಮಳೆ ಹಿಡಿಯಿತು, ಆಹಾರ ತೀರುತ್ತ ಬಂತು, ಫಿರಂಗಿ ಎಳೆಯುವ ಎತ್ತುಗಳು ಸತ್ತವು. ತನ್ನ ಭಾರೀ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಮರುವರ್ಷ ಅವನು ಬಂದದ್ದು ಫೆಬ್ರವರಿಯಲ್ಲಿ. ಆಗ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟು ಒಪ್ಪಂದ ಮಾಡಿಕೊಳ್ಳಬೇಕಾಯಿತು.

1799ರಲ್ಲಿ ಜನರಲ್ ಹ್ಯಾರಿಸ್ ಏಪ್ರಿಲ್ ಮೊದಲ ವಾರದಲ್ಲಿಯೇ ಕೋಟೆಯೆದುರು ಬೀಡುಬಿಟ್ಟಿದ್ದನು. ಅವನ ದಂಡಿನಲ್ಲೂ ಅಕ್ಕಿಗೆ ಅಭಾವವಿತ್ತು. ಮುಂಗಾರು ಬರುವ ಮುನ್ನ ಕೆಲಸ ಮುಗಿಯದಿದ್ದರೆ ಅವನಿಗೂ ಹಿಮ್ಮೆಟ್ಟದೆ ಗತಿಯಿರಲಿಲ್ಲ. ಫಿರಂಗಿಗಳು ಪಶ್ಚಿಮದ ಗೋಡೆಯನ್ನು ಒಡೆದವು. ಮೇ 4ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಮೇಜರ್ ಜನರಲ್ ಡೇವಿಡ್ ಬೇರ್ಡ್‌ನ ನೇತೃತ್ವದಲ್ಲಿ ಸೈನಿಕರು ಬಂಡೆಗಳ ನಡುವಿನ ನೀರಿನಲ್ಲಿ ಕಾಲ್ನಡಿಗೆಯಲ್ಲೇ ಹೊಳೆ ದಾಟಿದರು. ಕೋಟೆಯ ಮೇಲೇರಿದ ದಂಡು ಎರಡು ಭಾಗವಾಗಿ, ಒಂದು ಉತ್ತರದ ಗೋಡೆಯ ಮೇಲೂ ಇನ್ನೊಂದು ದಕ್ಷಿಣದ ಗೋಡೆಯ ಮೇಲೂ ಮುನ್ನುಗ್ಗಿತು. ಕೆಲವೇ ವಾರ ತಡವಾಗಿದ್ದರೆ ಹೊಳೆಯೇ ಕೋಟೆಯನ್ನು ಕಾಯುತ್ತಿತ್ತೇನೋ!

ಎಲ್ಲಿ ನಿಂತು ನೋಡಬೇಕು?

ಮೊದಲು ಪಶ್ಚಿಮದ ಕೋಟೆಗೋಡೆಗೆ ಹೋಗಿ. ಅಲ್ಲಿ ದಾಳಿ ಮಾಡಿದ ಸೇನೆಯವರ ನೆನಪಿಗೆ ನಿಲ್ಲಿಸಿದ ಕಲ್ಲಿನ ಸ್ತಂಭವಿದೆ. ಅಲ್ಲಿಂದ ಹೊಳೆಯ ಆಚೆ ದಡವನ್ನು ನೋಡಿ. ಅವರು ದಾಟಿದ ದೂರ ನಿಮಗೇ ತಿಳಿಯುತ್ತದೆ. ಅನಂತರ ಉತ್ತರದ ಗೋಡೆಯ ಬದಿಯಲ್ಲೇ ನಡೆದರೆ ಟಿಪ್ಪುವಿನ ದೇಹ ದೊರೆತ ಸ್ಥಳವನ್ನು ಗುರುತಿಸಿದ ಕಲ್ಲು ಸಿಗುತ್ತದೆ. ಶ್ರೀರಂಗನಾಥಸ್ವಾಮಿ ದೇವಾಲಯವೂ ಜಾಮಿಯಾ ಮಸೀದಿಯೂ ಕೋಟೆಯೊಳಗೇ ಇವೆ.

ಕೋಟೆಯ ಹೊರಗೆ, ದರಿಯಾ ದೌಲತ್‌ನ ಪಶ್ಚಿಮ ಗೋಡೆಯ ಚಿತ್ರವನ್ನು ತಪ್ಪದೆ ನೋಡಿ. ಅದು 1780ರಲ್ಲಿ ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಗೆದ್ದ ಯುದ್ಧದ ಚಿತ್ರ. ಅಂದು ಸೆರೆಸಿಕ್ಕವರಲ್ಲಿ ಬೇರ್ಡ್ ಕೂಡ ಒಬ್ಬ! ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಮೇಲೆ ಬಂದಿಯಾಗಿದ್ದವನೇ ಮುಂದೆ ಈ ಕೋಟೆಗೆ ನುಗ್ಗಿದನು. ಸ್ತಂಭ ಒಂದು ಪಕ್ಷದ ಮಾತನ್ನು ಹೇಳಿದರೆ, ಚಿತ್ರ ಇನ್ನೊಂದು ಪಕ್ಷದ ಮಾತನ್ನು ಹೇಳುತ್ತದೆ. ಎರಡನ್ನೂ ಕೇಳಿಸಿಕೊಳ್ಳುವುದೇ ಇತಿಹಾಸದ ಅಭ್ಯಾಸ. ಮುಂದೆ ಗುಂಬಜ್‌ನಲ್ಲಿ ಹೈದರ್, ಅವನ ಪತ್ನಿ ಮತ್ತು ಟಿಪ್ಪುವಿನ ಸಮಾಧಿಗಳಿವೆ.

ನೀರಿಗಿಳಿಯುವ ಮುನ್ನ

ದಿನದ ಕೊನೆಗೆ ಸಂಗಮದ ದಂಡೆಯಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದು. ಆದರೆ ಒಂದು ಮಾತು ನೆನಪಿರಲಿ. ನೀವು ಕಾಣುವ ಹೊಳೆ 1799ರ ಹೊಳೆಯಲ್ಲ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ ಮೇಲ್ಗಡೆ ಇರುವುದರಿಂದ, ಇಂದು ನೀರಿನ ಮಟ್ಟವನ್ನು ಮಳೆಯ ಜೊತೆಗೆ ಕಟ್ಟೆಯ ಬಾಗಿಲುಗಳೂ ನಿರ್ಧರಿಸುತ್ತವೆ. ನೀರು ಬಿಟ್ಟಾಗ ಹೊಳೆ ಬೇಗನೆ ಏರುತ್ತದೆ. ಬಂಡೆಗಳು ಜಾರುತ್ತವೆ, ಸುಳಿ ಮತ್ತು ಮಡು ಮೇಲಿನಿಂದ ಕಾಣುವುದಿಲ್ಲ. ಈಜು ಬಲ್ಲೆನೆಂಬ ಧೈರ್ಯದಿಂದ ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಎಚ್ಚರಿಕೆಯ ಫಲಕವಿದ್ದಲ್ಲಿ ದಡದಲ್ಲೇ ಇರಿ.

ಹೋಗುವಾಗ ಒಂದು ನೋಟ್‌ಬುಕ್ಕು ಜೊತೆಗಿರಲಿ. ದ್ವೀಪದ ನಕ್ಷೆ ಬರೆದು ಎರಡು ಕವಲು, ಒಡೆದ ಗೋಡೆ, ಟಿಪ್ಪು ಮಡಿದ ಜಾಗ, ಸಂಗಮ ಇಷ್ಟನ್ನು ಗುರುತಿಸಿ. ಕೋಟೆಯ ಕಲ್ಲಿನ ಮೇಲೆ ಮಾತ್ರ ಹೆಸರು ಕೆತ್ತಬೇಡಿ. ಆ ಕಲ್ಲುಗಳು ನಿಮ್ಮ ತಮ್ಮ ತಂಗಿಯರಿಗೂ ಓದಲು ಉಳಿಯಬೇಕಾದ ಪುಟಗಳು.