ಬಿಸಿಯಿರುವಾಗಲೇ ಮುಟಗಿ

ಮಳೆಯಲ್ಲಿ ನೆನೆದು ಕಾಲೇಜಿನಿಂದ ಹಿಟ್ನಾಳಕ್ಕೆ ಮರಳಿದ ಸಂಜೆ ನನ್ನ ಮನಸ್ಸು ಬಯಸುವುದು ಪಕ್ವಾನ್ನವನ್ನಲ್ಲ, ಮುಟಗಿಯನ್ನು. ಒರಳಿನಲ್ಲಿ ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು ಜಜ್ಜಿಟ್ಟುಕೊಂಡು, ಹಂಚಿನಿಂದ ಇಳಿದ ದಪ್ಪ ಜೋಳದ ರೊಟ್ಟಿಯನ್ನು ಮುರಿದು ಹಾಕಿ ಕುಟ್ಟಬೇಕು. ತುಪ್ಪ ಬಿಟ್ಟು ಮುಷ್ಟಿಯಲ್ಲಿ ಒತ್ತಿದರಾಯಿತು; ಬೆರಳಿನ ಗುರುತು ಉಂಡೆಯ ಮೇಲೆ ಉಳಿಯುತ್ತದೆ. ಆರಿದ ರೊಟ್ಟಿ ಇದಕ್ಕೆ ಒದಗದು. ಗೋಧಿಯ ಜಿಗುಟು ಜೋಳಕ್ಕಿಲ್ಲ. ಕುದಿನೀರು ಹಿಟ್ಟಿಗೆ ಕೊಟ್ಟ ಅಂಟು ಬಿಸಿಯಿರುವವರೆಗೆ ಮಾತ್ರ ಮೆತ್ತಗಿರುತ್ತದೆ.

ಹಲ್ಲು ಹೋದಂದಿನಿಂದ ನಮ್ಮ ಅವ್ವ ಇದನ್ನೇ ನಚ್ಚಿಕೊಂಡಿದ್ದಾಳೆ. ಪಕ್ಕದ ಮುನಿರಾಬಾದಿನಲ್ಲಿ 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದ ಮೇಲೆ, ಕಾಲುವೆ ಹರಿದಲ್ಲೆಲ್ಲ ಜೋಳ ಹಿಂದೆ ಸರಿದು ಭತ್ತ ಬಂದಿತು. ಅನ್ನವೂ ಮೆತ್ತಗಿದೆಯಲ್ಲ ಎಂದರೆ ಅವ್ವ ಒಪ್ಪಳು: “ಅನ್ನಕ್ಕ ಹೊಟ್ಟಿ ನಿಲ್ಲೂದಿಲ್ಲ, ತಮ್ಮಾ.”

ಅವಳ ಕೈಯಲ್ಲಿ ಈಗ ಕುಟ್ಟುವ ಕಸುವಿಲ್ಲ. ಹಳಗನ್ನಡ ಪಾಠ ಹೇಳುವ ನಾನು ನಲವತ್ತಾರರ ಪ್ರಾಯದಲ್ಲಿ ಒರಳಿನ ಮುಂದೆ ಕುಳಿತೆ. (ವಿದ್ಯಾರ್ಥಿಗಳು ನಕ್ಕರೆ ನಗಲಿ.) ಮೊದಲ ದಿನ ಬೆರಳು ಸುಟ್ಟೀತೆಂದು ಕಾದೆ, ಉಂಡೆ ಒಡೆಯಿತು. ಅವ್ವ ಚೂರುಗಳನ್ನೇ ಆಯ್ದು ತಿಂದಳು.

“ತಡಾ ಮಾಡಿದಿ. ಆರಿತು,” ಎಂದಳು.

ಈಗ ನಾನು ಕಾಯುವುದಿಲ್ಲ.