ಆಲ್ಬನಿಯ ಶಾಸಕ ರಾಬರ್ಟ್ ವ್ಯಾಗ್ನರ್

ಅಮೆರಿಕದ ರಾಜಕೀಯ ಚರಿತ್ರೆಯನ್ನು ಅಧ್ಯಕ್ಷರ ನಾಮಾವಳಿಯ ಮೂಲಕವೇ ಅರಿಯಹೊರಟವರಿಗೆ ಆ ದೇಶದ ಸಂಸ್ಥಾನಗಳ ಶಾಸನಸಭೆಗಳಲ್ಲಿ ನಡೆದ ಕಾರ್ಯವು ಕಣ್ಣಿಗೆ ಬೀಳುವುದು ವಿರಳ. ಕಾರ್ಖಾನೆಯ ಬಾಗಿಲು ಯಾವ ಕಡೆಗೆ ತೆರೆಯಬೇಕು, ಹೆಂಗಸರು ವಾರಕ್ಕೆ ಎಷ್ಟು ಗಂಟೆ ದುಡಿಯಬಹುದು ಎಂಬಂಥ, ನೋಟಕ್ಕೆ ಕ್ಷುದ್ರವಾದರೂ ಸಹಸ್ರಾರು ಜನರ ಜೀವಕ್ಕೆ ಸಂಬಂಧಪಟ್ಟ ಪ್ರಶ್ನೆಗಳು ಇತ್ಯರ್ಥವಾದುದು ಅಲ್ಲಿಯೇ. ನ್ಯೂಯಾರ್ಕ್ ಸಂಸ್ಥಾನದ ರಾಜಧಾನಿಯಾದ ಆಲ್ಬನಿಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಾಸಕನಾಗಿದ್ದ ನ್ಯಾಯವಾದಿ ರಾಬರ್ಟ್ ವ್ಯಾಗ್ನರನ ಜೀವನವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಆತನು ಹುಟ್ಟಿದ್ದು 1877ರಲ್ಲಿ, ಜರ್ಮನಿಯ ನಾಸ್ಟೆಟನ್ ಎಂಬ ಊರಿನಲ್ಲಿ. ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ನ್ಯೂಯಾರ್ಕಿಗೆ ಬಂದನು; ತಂದೆಗೆ ದೊರೆತದ್ದು ಬಡವರ ಬಾಡಿಗೆ ಮನೆಗಳ ಕಟ್ಟಡವೊಂದರಲ್ಲಿ ಜಾಡಮಾಲಿಯ ಕೆಲಸ. ಹುಡುಗನು ಬೀದಿಯಲ್ಲಿ ವೃತ್ತಪತ್ರಿಕೆ ಮಾರುತ್ತ, ಅಣ್ಣನ ನೆರವಿನಿಂದ ಓದಿ, 1898ರಲ್ಲಿ ಸಿಟಿ ಕಾಲೇಜಿನಿಂದಲೂ ಎರಡು ವರ್ಷಗಳ ತರುವಾಯ ನ್ಯೂಯಾರ್ಕ್ ಲಾ ಸ್ಕೂಲಿನಿಂದಲೂ ಪದವೀಧರನಾಗಿ ಹೊರಬಿದ್ದನು. ವಕೀಲಿಯ ಜೊತೆಗೆ ಆತನು ಹಿಡಿದ ದಾರಿ ಟ್ಯಾಮನಿ ಹಾಲಿನದು. ಬಡವರಿಗೆ ಕೆಲಸ ಕೊಡಿಸಿ, ಚಳಿಗಾಲದಲ್ಲಿ ಕಲ್ಲಿದ್ದಲು ಹಂಚಿ, ಪ್ರತಿಯಾಗಿ ಅವರ ವೋಟುಗಳನ್ನು ಕೂಡಿಹಾಕುತ್ತಿದ್ದ ಈ ಡೆಮಾಕ್ರಟಿಕ್ ಕೂಟವು ಲಂಚಕ್ಕೂ ಕುಪ್ರಸಿದ್ಧವಾಗಿತ್ತು. ಇಂಥ ಗರಡಿಯಿಂದ ಸುಧಾರಕನೊಬ್ಬನು ಹೊರಬಂದಾನೆಂದು ಅಂದಿನ ಸಭ್ಯರು ನಂಬುವ ಹಾಗಿರಲಿಲ್ಲ; ಆದರೆ ಮತದಾರನ ಅಡುಗೆಮನೆಯ ಸ್ಥಿತಿ ಆ ಸಭ್ಯರಿಗಿಂತ ಟ್ಯಾಮನಿಯವರಿಗೇ ಚೆನ್ನಾಗಿ ತಿಳಿದಿತ್ತೆಂಬುದನ್ನು ಮರೆಯಲಾಗದು. 1905ರಲ್ಲಿ ಕೆಳಮನೆಯನ್ನೂ 1909ರಲ್ಲಿ ಸೆನೆಟ್ಟನ್ನೂ ಪ್ರವೇಶಿಸಿದ ವ್ಯಾಗ್ನರನು 1911ರ ಆದಿಯಲ್ಲಿ, ಮೂವತ್ತಮೂರರ ಪ್ರಾಯದಲ್ಲಿ, ಆ ಮೇಲ್ಮನೆಯ ನಾಯಕನಾದನು. ಅಲ್ಲಿಯವರೆಗೆ ಆತನು ಪಕ್ಷದ ಆಜ್ಞಾಧಾರಕನೇ ಹೊರತು ಹೆಚ್ಚಿನದೇನೂ ಆಗಿರಲಿಲ್ಲ.

ಅದೇ ವರ್ಷದ ಮಾರ್ಚ್ 25ರ ಶನಿವಾರ ಸಂಜೆ, ನ್ಯೂಯಾರ್ಕ್ ನಗರದ ಆಶ್ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿದ್ದ ಟ್ರಯಾಂಗಲ್ ಎಂಬ ಉಡುಪಿನ ಕಾರ್ಖಾನೆಗೆ ಬೆಂಕಿ ಹತ್ತಿತು. ಒಂಬತ್ತನೆಯ ಮಹಡಿಯ ಒಂದು ಬಾಗಿಲಿಗೆ ಬೀಗ. ಹೊರಗೋಡೆಯ ಕಬ್ಬಿಣದ ಮೆಟ್ಟಲು ಜನಭಾರಕ್ಕೆ ಕುಸಿಯಿತು. ಅಗ್ನಿಶಾಮಕರ ಏಣಿ ಆರನೆಯ ಮಹಡಿಯನ್ನು ದಾಟಿ ಮೇಲೆ ಹೋಗಲೊಲ್ಲದು. ಸತ್ತವರು 146 ಮಂದಿ. ಬಹುಪಾಲು ವಲಸೆ ಬಂದ ಯಹೂದಿ ಮತ್ತು ಇಟಾಲಿಯನ್ ತರುಣಿಯರು. ಮಾಲೀಕರು ವಿಚಾರಣೆಯಲ್ಲಿ ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು. ಶಾಸನಸಭೆಯು ನೇಮಿಸಿದ ಕಾರ್ಖಾನೆಗಳ ತನಿಖಾ ಆಯೋಗಕ್ಕೆ ವ್ಯಾಗ್ನರನು ಅಧ್ಯಕ್ಷನಾದನು, ಟ್ಯಾಮನಿಯವನೇ ಆದ ಆಲ್ಫ್ರೆಡ್ ಸ್ಮಿತ್ ಉಪಾಧ್ಯಕ್ಷನಾದನು.

ಆಯೋಗವೆಂದರೆ ಕುರ್ಚಿಯಲ್ಲಿ ಕುಳಿತು ವರದಿ ಬರೆಯುವುದೆಂಬ ಕಲ್ಪನೆ ನಮ್ಮಲ್ಲಿಯೂ ಉಂಟಷ್ಟೆ. ಈ ಆಯೋಗಕ್ಕೆ ಆ ಸುಖವನ್ನು ತಪ್ಪಿಸಿದವಳು ಅದರ ತನಿಖೆಯಲ್ಲಿ ನೆರವಾಗುತ್ತಿದ್ದ ಫ್ರಾನ್ಸಿಸ್ ಪರ್ಕಿನ್ಸ್. ಅಗ್ನಿಕಾಂಡವನ್ನು ಕಣ್ಣಾರೆ ಕಂಡಿದ್ದ, ಮುಂದೆ ಅಮೆರಿಕದ ಮಂತ್ರಿಮಂಡಲದ ಪ್ರಥಮ ಮಹಿಳೆಯಾದ ಈಕೆಯು ಸೆನೆಟ್ ನಾಯಕನನ್ನು ಒಂದು ಕಾರ್ಖಾನೆಗೆ ಕರೆದೊಯ್ದು, ಅಗ್ನಿಮಾರ್ಗವೆಂದು ಹೆಸರು ಬರೆದಿದ್ದ ಗೋಡೆಯ ಕಿರುಗಂಡಿಯಲ್ಲಿ ಸ್ವತಃ ತೂರಿಕೊಂಡು ಹೋಗುವಂತೆ ಮಾಡಿದಳು. ಆಚೆಗಿದ್ದುದು ಮಂಜುಗಟ್ಟಿದ, ನೆಲಕ್ಕೆ ಹನ್ನೆರಡಡಿ ಮೇಲೆಯೇ ಮುಗಿದುಹೋಗುವ ಕಡಿದಾದ ಏಣಿ. ಇನ್ನೊಮ್ಮೆ ಸದಸ್ಯರನ್ನು ನಸುಕಿನಲ್ಲೆಬ್ಬಿಸಿ, ಮುನ್ಸೂಚನೆಯಿಲ್ಲದೆ, ತರಕಾರಿಯನ್ನು ಡಬ್ಬಿಗೆ ತುಂಬುವ ಹಳ್ಳಿಗಾಡಿನ ಕಾರ್ಖಾನೆಯೊಂದಕ್ಕೆ ನಡೆಸಿದಳು. ಅಲ್ಲಿ ಐದಾರು ವರ್ಷದ ಕೂಸುಗಳು ಬಟಾಣಿ ಸುಲಿಯುತ್ತಿದ್ದವು. ಆಗ್ರಹದ ಭಾಷಣಗಳು ನೂರು ಸಲ ಮಾಡಲಾರದ ಕೆಲಸವನ್ನು ಆ ಕಿರುಗಂಡಿ ಒಂದೇ ಸಲಕ್ಕೆ ಮಾಡಿತೆಂದು ನನಗೆ ತೋರುತ್ತದೆ.

ಫಲವಾಗಿ 1912ರಿಂದ ಮೂರು ವರ್ಷಗಳೊಳಗೆ ಮೂವತ್ತಕ್ಕೂ ಮೀರಿದ ಶಾಸನಗಳು ಅಂಗೀಕೃತವಾದವು: ಕೆಲಸದ ವೇಳೆಯಲ್ಲಿ ಬಾಗಿಲಿಗೆ ಬೀಗ ಕೂಡದು, ಬೆಂಕಿಯ ಕಾಲದಲ್ಲಿ ಹೊರಬೀಳುವ ಅಭ್ಯಾಸವನ್ನು ಕಾರ್ಮಿಕರಿಗೆ ಮಾಡಿಸತಕ್ಕದ್ದು, ಎತ್ತರದ ಕಾರ್ಖಾನೆಗಳಲ್ಲಿ ತಾನಾಗಿಯೇ ನೀರು ಸಿಂಪಡಿಸುವ ನಳಿಗೆಗಳಿರತಕ್ಕದ್ದು, ಇತ್ಯಾದಿ. ಕಟ್ಟಡಗಳ ಒಡೆಯರು ಖರ್ಚಿನ ಮಾತೆತ್ತಿ ಗದ್ದಲವೆಬ್ಬಿಸಿದರು. ಹೆಂಗಸರ ದುಡಿಮೆಯನ್ನು ವಾರಕ್ಕೆ 54 ಗಂಟೆಗಳಿಗೆ ಮಿತಿಗೊಳಿಸಿದ 1912ರ ಕಾಯಿದೆಯಿಂದ ಡಬ್ಬಿ ಕಾರ್ಖಾನೆಗಳನ್ನು ಹೊರಗಿಟ್ಟೇ ಮಸೂದೆಯನ್ನು ಪಾರುಮಾಡಬೇಕಾಯಿತು. ಇದು ಆ ಕಾಲದ ಶಾಸಕರ ಹೆಗ್ಗಳಿಕೆಯೇನಲ್ಲ.

1919ರಲ್ಲಿ ವ್ಯಾಗ್ನರನು ಸಂಸ್ಥಾನದ ನ್ಯಾಯಾಧೀಶನಾದನು. ಅಲ್ಲಿಯವರೆಗೆ ತಡೆಯಾಜ್ಞೆಯೆಂಬುದು ಮುಷ್ಕರ ಮುರಿಯಲು ಮಾಲೀಕರು ಹಿಡಿಯುತ್ತಿದ್ದ ಆಯುಧ. ಉಡುಪು ತಯಾರಕರ ಸಂಘವು ಕಾರ್ಮಿಕ ಸಂಘದೊಡನೆ ಮಾಡಿಕೊಂಡ ಒಪ್ಪಂದವನ್ನು ಅವಧಿಗೆ ಮೊದಲೇ ಮುರಿದಾಗ, 1922ರಲ್ಲಿ ವ್ಯಾಗ್ನರನು ಅದೇ ಆಯುಧವನ್ನು ಮಾಲೀಕರ ಕಡೆಗೆ ತಿರುಗಿಸಿದನು. ಕರಾರು ಇಬ್ಬರನ್ನೂ ಕಟ್ಟುವುದಾದರೆ ನ್ಯಾಯಾಲಯದ ರಕ್ಷಣೆಯೂ ಇಬ್ಬರಿಗೂ ಸಲ್ಲಬೇಕೆಂಬುದು ಆತನ ನಿಲುವು. 1926ರ ಚುನಾವಣೆಯಲ್ಲಿ ಆತನು ವಾಷಿಂಗ್ಟನ್ನಿನ ಸೆನೆಟ್ಟಿಗೆ ಆಯ್ಕೆಯಾದನು. ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕನ್ನು ಸ್ಥಿರಪಡಿಸಿದ 1935ರ ಕಾಯಿದೆಯನ್ನು ಅಮೆರಿಕನ್ನರು ಇಂದಿಗೂ ವ್ಯಾಗ್ನರ್ ಕಾಯಿದೆಯೆಂದೇ ಕರೆಯುತ್ತಾರೆ.